ಕ್ಯಾಪೋ ಮೀಮಾಂಸೆ

ಶಾಸ್ತ್ರವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಈ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ಐದು ತಂತಿಯ ಬ್ಯಾಂಜೊ ಉಳ್ಳವನೇ ಅಧಿಕಾರಿ. ಅದರ ಕತ್ತಿಗೆ ಬಿಗಿದು ತಂತಿಗಳನ್ನು ಅಡ್ಡಲಾಗಿ ಒತ್ತಿಹಿಡಿಯುವ ಕ್ಯಾಪೋ ವಿಷಯ. ಇವೆರಡರ ಸಂಬಂಧ ಅಷ್ಟಕ್ಕಷ್ಟೆ. ಪ್ರಯೋಜನವು ಅಕ್ಕಪಕ್ಕದ ಮನೆಯವರಿಗೆ ಈವರೆಗೆ ಗೋಚರಿಸಿಲ್ಲ.

ಅಮೆರಿಕದ ಬ್ಲೂಗ್ರಾಸ್ ಸಂಗೀತದಲ್ಲಿ ಬ್ಯಾಂಜೊವನ್ನು ಜಿ ಶ್ರುತಿಗೆ ಕೂಡಿಸುವುದು ವಾಡಿಕೆ. ಬ್ಯಾಂಜೊ ವಾದಕ ಅರ್ಲ್ ಸ್ಕ್ರಗ್ಸ್ 1949ರಲ್ಲಿ ಧ್ವನಿಮುದ್ರಿಸಿದ ‘ಫಾಗಿ ಮೌಂಟನ್ ಬ್ರೇಕ್‌ಡೌನ್’ ಕೂಡ ಜಿಯಲ್ಲೇ ಇದೆ. ಲೋಕದಲ್ಲಿ ಅದೊಂದೇ ಕೃತಿ ಇದ್ದಿದ್ದರೆ ಈ ಶಾಸ್ತ್ರ ಹುಟ್ಟುತ್ತಲೇ ಇರಲಿಲ್ಲ. ಆದರೆ ಜೊತೆಗೆ ನುಡಿಸುವ ಪಿಟೀಲಿನವರಿಗೆ ಎ ಎಂದರೆ ಪ್ರಾಣ. ಆಗ ಬ್ಯಾಂಜೊದವನು ಎರಡನೆಯ ಫ್ರೆಟ್ಟಿಗೆ ಕ್ಯಾಪೋ ಹಾಕಿ, ಬೆರಳಿಗೆ ಒಗ್ಗಿದ ಜಿ ವರಸೆಗಳನ್ನೇ ನುಡಿಸುತ್ತಾನೆ. ಕೇಳುವವರಿಗೆ ಎ ಕೇಳಿಸುತ್ತದೆ. ಇದು ಮೋಸವೆಂದು ಕೆಲವರ ಆಕ್ಷೇಪ. ಅವರು ಪಿಟೀಲಿನವರೇ ಆದ್ದರಿಂದ ಆ ಸಾಕ್ಷ್ಯ ಅಗ್ರಾಹ್ಯ.

ಪೂರ್ವಪಕ್ಷ: ಮನೆಯಲ್ಲಿ ಗಿಟಾರಿನ ಕ್ಯಾಪೋ ಬಿದ್ದಿದೆಯಲ್ಲ, ಅದೇ ಸಾಲದೆ?

ಸಾಲದು. ತಲೆಯ ಕಡೆ ತಂತಿಗಳು ಕೂರುವ ನಟ್ಟಿನ ಬಳಿ ಗಿಟಾರಿನ ಕತ್ತು ಸುಮಾರು 43 ಮಿ.ಮೀ. ಅಗಲ, ಬ್ಯಾಂಜೊದ್ದು 32ರ ಆಸುಪಾಸು. ಕ್ಯಾಪೋದ ಮಿಕ್ಕ ಭಾಗ ಹೊರಗೆ ಚಾಚಿಕೊಂಡು ಎಡಗೈಯನ್ನು ತಿವಿಯುತ್ತದೆ. ಗಿಟಾರಿನ ಹಲಗೆ ಸಾಮಾನ್ಯವಾಗಿ ತುಸು ಉಬ್ಬು, ಬ್ಯಾಂಜೊದ್ದು ಬಹುಮಟ್ಟಿಗೆ ಚಪ್ಪಟೆ; ಬಾಗಿದ ಕ್ಯಾಪೋ ಅಂಚಿನ ತಂತಿಗಳನ್ನು ಹಿಸುಕಿ ನಡುವಿನವನ್ನು ಝರ್ರೆನ್ನಲು ಬಿಟ್ಟುಬಿಡುತ್ತದೆ. ಕಾಲು ಮಿ.ಮೀ. ದಪ್ಪದ ತಂತಿಗೆ ಗಿಟಾರಿನ ಸ್ಪ್ರಿಂಗಿನ ಬಿಗಿ ತೀರಾ ಹೆಚ್ಚು. ಸ್ವರ ಮೇಲಕ್ಕೆ ಜಿಗಿಯುತ್ತದೆ.

ಇನ್ನು ಮತಗಳು. ಸ್ಪ್ರಿಂಗ್ ಮತದಲ್ಲಿ ಒಂದೇ ಕೈಯಲ್ಲಿ ಚಿವುಟಿ ಹಾಕಬಹುದು, ಆದರೆ ಬಿಗಿ ಎಷ್ಟೆಂಬುದು ವಿಧಿಲಿಖಿತ. ಲಿವರ್ ಮತದಲ್ಲಿ ತಿರುಪಿನಿಂದ ಬಿಗಿ ಹೊಂದಿಸಿ ಲಿವರ್ ಮಡಚುವುದು. ನೊಗದ ಮತದಲ್ಲಿ ಕ್ಯಾಪೋ ಕತ್ತನ್ನೇ ಸುತ್ತುವರಿಯುತ್ತದೆ, ಕೆಳಗಿನಿಂದ ತಿರುಪು. ಕೆಲವನ್ನು ಬೇಡವಾದಾಗ ನಟ್ಟಿನ ಆಚೆಗೆ ಸರಿಸಿ ಇಡಬಹುದು. ಪೆನ್ಸಿಲ್ಲಿಗೆ ರಬ್ಬರ್‌ಬ್ಯಾಂಡ್ ಸುತ್ತಿ ಕಟ್ಟುವ ಚಾರ್ವಾಕರೂ ಉಂಟು. ಲಿವರ್, ನೊಗ ಇವೆರಡರಲ್ಲಿ ಯಾವುದಾದರೂ ಗ್ರಾಹ್ಯವೆಂದು ಈ ಲೇಖಕನ ಮತ, ಬಿಗಿ ನಮ್ಮ ಕೈಯಲ್ಲಿರುತ್ತದೆ ಎಂಬ ಒಂದೇ ಕಾರಣಕ್ಕೆ. ಫ್ರೆಟ್ಟಿಗೆ ಒತ್ತಿದಂತೆ ಹಿಂದೆ ಇಟ್ಟು, ಒಂದೊಂದೇ ತಂತಿ ಮೀಟುತ್ತ ತಿರುಪು ಹಾಕಬೇಕು. ಝರ್ ಸದ್ದು ನಿಂತೊಡನೆ ಕೈ ತೆಗೆಯಬೇಕು. ‘ಇನ್ನೊಂದು ಸುತ್ತು ಇರಲಿ’ ಎಂಬುದು ಸೈಕಲ್ ಶಾಪಿನ ನ್ಯಾಯ, ಇಲ್ಲಿ ನಡೆಯದು.

ಇಷ್ಟರಲ್ಲಿ ಶಾಸ್ತ್ರ ಮುಗಿಯಿತೆಂದುಕೊಂಡವರು ಐದನೆಯ ತಂತಿಯನ್ನು ಮರೆತಿದ್ದಾರೆ. ಈ ಗಿಡ್ಡ ತಂತಿ ತನ್ನದೇ ಬಿರಡೆ ಇಟ್ಟುಕೊಂಡು ಐದನೆಯ ಫ್ರೆಟ್ಟಿನಿಂದ ಹೊರಡುತ್ತದೆ. ಎರಡನೆಯ ಫ್ರೆಟ್ಟಿನ ಕ್ಯಾಪೋ ಅದರ ಗೊಡವೆಗೇ ಹೋಗದು. ನಾಲ್ವರು ಎಗೆ ಏರಿದರೂ ಇದು ಜಿಯಲ್ಲೇ ಕೂತು ರಾಗವನ್ನೆಲ್ಲ ಕೆಡಿಸುತ್ತದೆ. ಒಂದೇ ಕ್ಯಾಪೋ ಸಾಕೆನ್ನುತ್ತಿದ್ದ ಅದ್ವೈತಿಗಳು ಸಾಮೂಹಿಕವಾಗಿ ದ್ವೈತಿಗಳಾಗುವುದು ಇಲ್ಲೇ. ಬಿರಡೆ ತಿರುವಿ ಎಗೆ ಏರಿಸಬಹುದು. ಬಿಯವರೆಗೆ ಎಳೆಯುವವರು ಮುಖವನ್ನು ಆಚೆ ತಿರುಗಿಸಿಕೊಳ್ಳುವುದು ಲೇಸು. ಪರ್ಯಾಯವಾಗಿ 7 ಮತ್ತು 9ನೆಯ ಫ್ರೆಟ್ಟುಗಳ ಹಿಂದೆ ಸಣ್ಣ ತೂತು ಕೊರೆದು, ಆಟಿಕೆ ರೈಲಿನ ಹಳಿಗೆ ಬಳಸುವ ಕೊಕ್ಕೆಮೊಳೆ ಕೂರಿಸುತ್ತಾರೆ. ತಂತಿಯನ್ನು ಅದರಡಿ ಸಿಕ್ಕಿಸಿದರೆ ಎ, ಬಿ ಸಿದ್ಧ. 1:87 ಪ್ರಮಾಣದ ರೈಲಿನ ಮೊಳೆಯೇ ಶ್ರೇಷ್ಠವೆಂದು ಸಂಪ್ರದಾಯ. ಸಂಗೀತದಲ್ಲಿ ರೈಲ್ವೆ ಇಲಾಖೆಯ ಪಾತ್ರದ ಕುರಿತು ಪ್ರತ್ಯೇಕ ಪಿಎಚ್‌.ಡಿ. ಆಗಬೇಕಿದೆ. ಮರಕ್ಕೆ ತೂತು ಕೊರೆಯಲು ಮನಸ್ಸು ಒಪ್ಪದವರು, ಕತ್ತಿನ ಬದಿಗೆ ಕೂರಿಸಿದ ಪಟ್ಟಿಯ ಮೇಲೆ ಜಾರುವ ಪುಟ್ಟ ಕ್ಯಾಪೋ ಕೊಳ್ಳುತ್ತಾರೆ. ಕ್ಯಾಲಿಫೋರ್ನಿಯಾದ ರಿಕ್ ಶಬ್ ತಮ್ಮ ಕ್ಯಾಪೋ ವ್ಯವಹಾರವನ್ನು 1974ರಲ್ಲಿ ಆರಂಭಿಸಿದ್ದು ಇಂಥದ್ದರಿಂದಲೇ. ಆ ಪಟ್ಟಿಯನ್ನೂ ತಿರುಪಿನಿಂದಲೇ ಬಿಗಿಯಬೇಕು, ತೂತು ಕೊರೆದೇ. ಇದನ್ನು ಕೊಂಡ ಮೇಲೆ ತಿಳಿಸುವುದು ಸಂಪ್ರದಾಯ.

ಮ್ಯಾಂಡೊಲಿನ್ನಿನ ಕತ್ತು ಇನ್ನೂ ಸಪೂರ. ಅದನ್ನು ನುಡಿಸುವವರು ಕ್ಯಾಪೋ ಕಂಡರೆ ಮೂಗು ಮುರಿಯುವುದರಿಂದ ವಿಸ್ತರಿಸುವುದಿಲ್ಲ.

ಫಲಶ್ರುತಿ: ಇದನ್ನು ಶ್ರದ್ಧೆಯಿಂದ ಓದಿದವನು ಕ್ಯಾಪೋ ಏರಿಸಿ, ಗಿಡ್ಡ ತಂತಿಯನ್ನು ಮೊಳೆಗೆ ಸಿಕ್ಕಿಸಿ, ಐದನ್ನೂ ಮತ್ತೆ ಶ್ರುತಿಗೆ ಕೂಡಿಸಿ ತಲೆಯೆತ್ತುವಷ್ಟರಲ್ಲಿ, ಪಿಟೀಲಿನವನು ‘ಮುಂದಿನದು ಡಿ’ ಎನ್ನುವನು.