ಅಕ್ಕನ ಮಗನ ಕರಿ ಅಂಗಿ

ಪಾವಗಡದಲ್ಲಿ ಶನಿವಾರ ಕರಿ ಅಂಗಿ ತೊಟ್ಟು ಓಡಾಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಶನಿಮಹಾತ್ಮನ ಊರು, ಎಳ್ಳೆಣ್ಣೆ ದೀಪ, ಕರಿ ಬಟ್ಟೆ, ಆಂಧ್ರದ ಕಡೆಯಿಂದ ತುಂಬಿ ಬರುವ ಬಸ್ಸು, ಎಲ್ಲ ಮಾಮೂಲು. ಆದರೆ ಸೋಮವಾರವೂ ಕರಿ, ಬುಧವಾರವೂ ಕರಿ, ದೀಪಾವಳಿಗೂ ಕರಿ ಅಂದರೆ ಜನ ಸುಮ್ಮನಿರುತ್ತಾರೆಯೆ? ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮಕ್ಕನ ಮಗ ನಮ್ಮೂರು ರಾಯಚರ್ಲಿಗೆ ಬಂದಾಗಲೆಲ್ಲ ಇದೇ ವೇಷ. ಎದೆ ಮೇಲೊಂದು ತಲೆಬುರುಡೆ, ಬೆನ್ನ ಮೇಲೆ ಇನ್ನೊಂದು. “ಹುಡುಗನಿಗೆ ಏಳರಾಟ ಶನಿ ಏನಾರ ನಡೀತೈತಾ?” ಎಂದು ಅಂಗಡಿ ಕಟ್ಟೆಯಲ್ಲಿ ಕೇಳಿದವರಿಗೆ, “ಏಳೂವರೆ ವರ್ಷಕ್ಕೆ ಬಿಡೋ ಶನಿ ಅಲ್ಲ ಕಣಪ್ಪ ಇದು” ಅಂದೆ.

ಅಕ್ಕನ ನಿದ್ದೆ ಕೆಟ್ಟದ್ದು ಮಾತ್ರ ಬಟ್ಟೆಯಿಂದಲ್ಲ. “ಕ್ರಿಪ್ಟೋಸ್ ಅಂದ್ರೆ ನಂಗೆ ಪ್ರಾಣ, ಸಂಬಳ ಅರ್ಧ ಅದಕ್ಕೇ ಹೋಗುತ್ತೆ” ಎಂದು ಅವನು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದದ್ದು ಅವಳ ಕಿವಿಗೆ ಬಿತ್ತು. ಟಿವಿ ಸುದ್ದಿ ನೋಡುವ ಹೆಂಗಸು, ಕ್ರಿಪ್ಟೋ ಅಂದರೆ ಮನೆ ಮುಳುಗಿಸುವ ಯಾವುದೋ ವ್ಯವಹಾರ ಎಂದು ಅವಳಿಗೆ ಗೊತ್ತು. ಹೊಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ ಬ್ಯಾಂಕಿಗೆ ಬೀಳುತ್ತದೆ. “ಸೋಲಾರ್ ದುಡ್ಡೆಲ್ಲ ಕಂಪ್ಯೂಟ್ರು ಕಾಸಿಗೆ ಸುರಿದವ್ನೆ ಕಣೋ, ನೀನೇ ವಸಿ ಬುದ್ಧಿ ಹೇಳು” ಎಂದು ನನ್ನ ಮನೆ ಬಾಗಿಲಿಗೆ ಬಂದಳು. ವಿಚಾರಿಸಿದರೆ ಕ್ರಿಪ್ಟೋಸ್ ಅನ್ನುವುದು ಬೆಂಗಳೂರಿನ ಒಂದು ಹೆವಿ ಮೆಟಲ್ ತಂಡ! ಅರ್ಧ ಸಂಬಳ ಹೋಗುತ್ತಿದ್ದದ್ದು ಅವರ ಸಿ.ಡಿ.ಗೂ ಟಿಕೆಟಿಗೂ ಆ ತಲೆಬುರುಡೆ ಅಂಗಿಗಳಿಗೂ.

“ಕಾಸಲ್ಲಕ್ಕ, ಅದು ಬ್ಯಾಂಡಂತೆ. ಕೂತು ಎದುರಿಗೇ ನುಡಿಸ್ತಾರಂತೆ, ಲೈವು” ಎಂದು ಸಮಾಧಾನ ಹೇಳಹೋದೆ. ಅವಳು ಇನ್ನೂ ಜೋರಾಗಿ ಅಳತೊಡಗಿದಳು. ತಪ್ಪು ಅವಳದ್ದಲ್ಲ. ಎಷ್ಟೋ ವರ್ಷ ಕನ್ನಡ ಪತ್ರಿಕೆಗಳಲ್ಲಿ ‘ಲೈವ್ ಬ್ಯಾಂಡ್’ ಎಂಬ ಮಾತು ಬಂದದ್ದು ‘ಪೊಲೀಸ್ ದಾಳಿ’ಯ ಪಕ್ಕದಲ್ಲೇ. ಬೆಂಗಳೂರಿನ ಬಾರುಗಳ ಕುಣಿತಕ್ಕೂ ಅದೇ ಹೆಸರು, ಹಾಡಿಕೆಗೂ ಅದೇ ಹೆಸರು. 2005ರಲ್ಲಿ ನಗರದ ಪೊಲೀಸರು ಇವಕ್ಕೆಲ್ಲ ಲೈಸೆನ್ಸ್ ಕಡ್ಡಾಯ ಮಾಡಿದರು, ಜಗಳ ಸುಪ್ರೀಂ ಕೋರ್ಟಿನ ತನಕ ಹೋಗಿ 2018ರಲ್ಲಿ ಆ ಆದೇಶವೇ ಗೆದ್ದಿತು. ಈ ನಡುವೆ ಗಿಟಾರು ಹೆಗಲಿಗೇರಿಸಿದ ಪಾಪದ ಹುಡುಗರೂ ಲೈವ್ ಬ್ಯಾಂಡಿನವರೇ ಆಗಿಬಿಟ್ಟರು. ಮದುವೆ ಮಾತುಕತೆಯಲ್ಲಿ ಹುಡುಗ ಏನು ಮಾಡ್ತಾನೆ ಎಂದು ಕೇಳಿದರೆ ಅವರ ತಾಯಂದಿರು ಏನು ಹೇಳಿದರೋ, ದೇವರೇ ಬಲ್ಲ.

ಅಂಥ ಊರಲ್ಲಿ 1998ರಲ್ಲಿ ಶುರುವಾದ ತಂಡ ಈ ಕ್ರಿಪ್ಟೋಸ್. ಕಟ್ಟಿದವರು ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ. ಮೊದಲ ಆಲ್ಬಮ್ ‘ಸ್ಪೈರಲ್ ಅಸೆಂಟ್’ ಹೊರಬರಲು 2004 ಆಗಬೇಕಾಯಿತು. ಆರು ವರ್ಷದಲ್ಲಿ ನಮ್ಮ ಕಡೆ ತೆಂಗು ಫಲಕ್ಕೆ ಬರುತ್ತದೆ ಎಂದು ನಾನು ಚುಚ್ಚಿದರೆ ಅಳಿಯ ಹೇಳುತ್ತಾನೆ: “ಮಾವ, ಆಗ ಇಲ್ಲಿ ಮೆಟಲ್ ರೆಕಾರ್ಡ್ ಮಾಡಕ್ಕೆ ಬರೋರೇ ಇರ್ಲಿಲ್ಲ. ಗಿಟಾರ್ ಸದ್ದು ಒಡೀತೈತೆ, ಕಮ್ಮಿ ಮಾಡ್ರಿ ಅನ್ನೋರು. ಒಡೀಬೇಕು ಅಂತ್ಲೇ ಅಲ್ವಾ ನುಡಿಸೋದು?” ಆಮೇಲೆ 2008ಕ್ಕೆ ‘ದಿ ಆರ್ಕ್ ಆಫ್ ಜೆಮಿನೈ’, 2012ಕ್ಕೆ ‘ದಿ ಕಾಯಿಲ್ಸ್ ಆಫ್ ಅಪೋಲಿಯಾನ್’. ನಾಲ್ಕು ವರ್ಷಕ್ಕೊಂದು ಎಂದು ಲೆಕ್ಕ ಹಿಡಿದ ಹಾಗೆ 2016ಕ್ಕೆ ‘ಬರ್ನ್ ಅಪ್ ದಿ ನೈಟ್’. ಅಲ್ಲಿಂದಾಚೆಗೆ ಕೈ ಚುರುಕಾಯಿತು, 2024ರ ‘ಡೆಸಿಮೇಟರ್’ ಅವರ ಏಳನೆಯದು. ಈಗ ಇವರ ಆಲ್ಬಮ್ ಹೊರತರುವುದು ಜರ್ಮನಿಯ ಎ.ಎಫ್.ಎಂ. ಕಂಪನಿ. ಏಳರಲ್ಲಿ ಯಾವುದು ಮೇಲು ಎಂದು ಕೇಳಿದರೆ ಅಳಿಯ ಒಂದು ರಾತ್ರಿ ಮಾತಾಡುತ್ತಾನೆ. ನನ್ನನ್ನು ಕೇಳಿದರೆ ‘ಬರ್ನ್ ಅಪ್ ದಿ ನೈಟ್’. ಅದಕ್ಕಿಂತ ಹಿಂದಿನವುಗಳಲ್ಲಿ ತಿರುವು ಜಾಸ್ತಿ, ಸಿದ್ದರಬೆಟ್ಟ ಹತ್ತಿದಷ್ಟು ಆಯಾಸ. ಇದರಲ್ಲಿ ನೆಟ್ಟಗೆ ಹಾರ್ಡ್ ರಾಕು, ಮುದುಕರ ಕಾಲೂ ತಾಳ ಹಾಕುತ್ತದೆ.

ಈ ತಂಡದವರು ಏನನ್ನು ಕೇಳಿ ಬೆಳೆದರು ಎಂಬುದಕ್ಕೆ ಸಂಶೋಧನೆ ಬೇಡ, ಒಂದು ಹಾಡು ಸಾಕು. ಬರ್ಮಿಂಗ್‌ಹ್ಯಾಮಿನ ಜೂಡಾಸ್ ಪ್ರೀಸ್ಟ್, ಲಂಡನ್ನಿನ ಐರನ್ ಮೇಡನ್, ಡಬ್ಲಿನ್ನಿನ ಥಿನ್ ಲಿಜ್ಜಿ ಮೂವರೂ ಅಲ್ಲೇ ಕೂತಿರುತ್ತಾರೆ. 1974ರ ಹೊತ್ತಿಗೆ ಥಿನ್ ಲಿಜ್ಜಿಯವರು ಎರಡು ಗಿಟಾರುಗಳನ್ನು ಒಂದೇ ರಾಗದ ಮೇಲೆ, ಒಂದು ಸ್ವರದಂತರ ಬಿಟ್ಟು, ಜೊತೆಜೊತೆಗೆ ಓಡಿಸಲು ಶುರುಮಾಡಿದರು. ಮೇಡನ್ ಅದನ್ನೇ ಕುದುರೆ ಓಟಕ್ಕೆ ಕಟ್ಟಿತು. ಕ್ರಿಪ್ಟೋಸ್‌ನಲ್ಲಿ ನೋಲನ್ ಮತ್ತು ರೋಹಿತ್ ಚತುರ್ವೇದಿ ಮಾಡುವುದೂ ಅದನ್ನೇ. ಈ ಜಾಗಕ್ಕೆ ಬಂದಾಗ ಅಳಿಯ ಕಣ್ಣು ಮುಚ್ಚಿ ತಲೆ ಆಡಿಸುತ್ತಾನೆ. “ಲೇ, ಮದುವೇಲಿ ಜೋಡಿ ನಾಗಸ್ವರ ನುಡಿಸೋದು ಇನ್ನೇನೋ?” ಅಂದರೆ ಕೆಂಡವಾಗುತ್ತಾನೆ. ಕೆಂಡವಾಗಲಿ. ಇಬ್ಬರು ವಾಲಗದವರು ಒಂದೇ ಉಸಿರಿನಲ್ಲಿ ಸಾಗಿದಾಗ ಹುಟ್ಟುವ ಸುಖವೇ ಇಲ್ಲಿಯೂ ಇರುವುದು. ಹಾಡುವ ದನಿ ಮಾತ್ರ ಬೇರೆ. ನೋಲನ್ ಗಂಟಲು ಕೆರೆದೇ ಹಾಡುತ್ತಾರೆ. ಅಕ್ಕ ಒಂದು ನಿಮಿಷ ಕೇಳಿ, “ಪಾಪ, ಮೆಣಸಿನ ಕಷಾಯ ಕುಡಿಸ್ರೋ” ಅಂದಳು.

ಇನ್ನು ಆ ಚರ್ಮ, ಮೊಳೆ, ಕರಿ ವೇಷ. ಅದೂ ಸ್ವಂತದ್ದಲ್ಲ. 1970ರ ದಶಕದ ಕೊನೆಗೆ ಜೂಡಾಸ್ ಪ್ರೀಸ್ಟಿನ ರಾಬ್ ಹಾಲ್‌ಫೋರ್ಡ್ ಹಾಕಿಕೊಂಡು ಬಂದದ್ದನ್ನು ಜಗತ್ತೆಲ್ಲ ಹಾಕಿಕೊಂಡಿತು. ಇಂಗ್ಲೆಂಡಿನ ಚಳಿಗೆ ಒಗ್ಗುವ ಚರ್ಮವನ್ನು ಪಾವಗಡದ ಏಪ್ರಿಲ್‌ನಲ್ಲಿ ಹಾಕಿಕೊಂಡು ಬಸ್ಸಿನಿಂದ ಇಳಿದ ಅಳಿಯನಿಗೆ ಮೊದಲು ಕೊಟ್ಟದ್ದು ಮಜ್ಜಿಗೆ.

ಕ್ರಿಪ್ಟೋಸ್ ಕಟ್ಟಿದವರಲ್ಲೊಬ್ಬರಾದ ಗಣೇಶ್ ‘ಬೇವರ್ ಸೀ’ ಎಂಬ ಇನ್ನೊಂದು ಬೆಂಗಳೂರು ತಂಡದಲ್ಲಿ ಹಾಡುತ್ತಾರೆ. 2012ರಲ್ಲಿ ಮೊದಲ ಆಲ್ಬಮ್, ಬ್ಲ್ಯಾಕ್ ಸಬತ್ ಮನೆತನದ ಭಾರವಾದ ನಿಧಾನದ ರಾಕು. ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳಕೊಂಡು, ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡು ಗಿಟಾರು ನುಡಿಸಿದ ಸಬತ್‌ನ ಟೋನಿ ಅಯೋಮಿಯ ಶಿಷ್ಯವರ್ಗ. ಅದೆಲ್ಲ ಸರಿ, ಹೆಸರನ್ನು ಒಟ್ಟಿಗೆ ಉಚ್ಚರಿಸಿ ನೋಡಿ. ನಮ್ಮಜ್ಜಿಯ ಎದುರು ಅಳಿಯ “ಬೇವರ್ ಸೀ ಕೇಳ್ತಾ ಇದೀನಿ” ಅಂದು, “ನನ್ನೇ ಬೈತೀಯೇನ್ಲಾ?” ಎಂದು ಕೋಲಿನ ಏಟು ತಿಂದ.

ಈಗ ನಮ್ಮೂರ ವಿಷಯಕ್ಕೆ ಬರೋಣ. ರಾಕ್ ಅನ್ನುವುದು ಕರೆಂಟಿನ ಸಂಗೀತ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚರ್ಲು, ರಾಯಚರ್ಲು ಐದೂ ಊರು ಸೇರಿ 13,000 ಎಕರೆಯಲ್ಲಿ ಕಡ್ಲೆಕಾಯಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬೆಳೆಯುವುದು 2,050 ಮೆಗಾವ್ಯಾಟ್. ಸೋಲಾರ್ ಪ್ಲೇಟಿನಲ್ಲಿ ಹುಟ್ಟುವುದು ಡಿ.ಸಿ., ಇನ್ವರ್ಟರ್ ದಾಟಿದ ಮೇಲೆ ಎ.ಸಿ. ಆಸ್ಟ್ರೇಲಿಯಾದ ಯಂಗ್ ಅಣ್ಣತಮ್ಮಂದಿರು 1973ರಲ್ಲಿ ತಂಡ ಕಟ್ಟಿ ಹೆಸರಿಗೆ ಹುಡುಕಾಡುತ್ತಿದ್ದಾಗ, ಅವರಕ್ಕ ಹೊಲಿಗೆ ಯಂತ್ರದ ಮೇಲಿದ್ದ ಇದೇ ನಾಲ್ಕಕ್ಷರ ನೋಡಿ ‘ಎ.ಸಿ./ಡಿ.ಸಿ.’ ಎಂದು ಸೂಚಿಸಿದಳಂತೆ. ನಮ್ಮೂರಲ್ಲಿ ಹುಟ್ಟಿದ್ದರೆ ಹೊಲಿಗೆ ಯಂತ್ರದ ತನಕ ಹೋಗಬೇಕಿರಲಿಲ್ಲ. 2007ರಲ್ಲಿ ಮೇಡನ್, 2011ರಲ್ಲಿ ಮೆಟಾಲಿಕಾ ಬಂದು ಬೆಂಗಳೂರಿನ ಅರಮನೆ ಮೈದಾನ ನಡುಗಿಸಿ ಹೋದರು. ಕರೆಂಟು ನಮ್ಮದು, ಕುಣಿತ ಬೆಂಗಳೂರಿನದು. ಇದು ಯಾವ ನ್ಯಾಯ?

ಇದಕ್ಕೊಂದು ದಾರಿ ಇದೆ. ಕ್ರಿಪ್ಟೋಸ್ 2013ರಲ್ಲಿ ನುಡಿಸಿ ಬಂದ ವಾಕನ್ ಮೇಳ ನಡೆಯುವುದು ಬರ್ಲಿನ್ನಿನಲ್ಲೂ ಅಲ್ಲ, ಮ್ಯೂನಿಕ್ಕಿನಲ್ಲೂ ಅಲ್ಲ. ಉತ್ತರ ಜರ್ಮನಿಯ ಹೊಲಗಳ ನಡುವಿನ, ಸುಮಾರು ಎರಡು ಸಾವಿರ ಜನರ ಹಳ್ಳಿಯಲ್ಲಿ. 1990ರಲ್ಲಿ ಊರಿನ ಹುಡುಗರೇ ಹುಟ್ಟುಹಾಕಿದ ಆ ಜಾತ್ರೆಗೆ ಈಗ ಎಂಬತ್ತು ಸಾವಿರದ ಆಸುಪಾಸು ಜನ. ಮೇಳದ ಗುರುತು ದನದ ತಲೆಬುರುಡೆ. ಮಳೆ ಬಂದರೆ ಮೊಣಕಾಲುದ್ದ ಕೆಸರು. ನಮ್ಮಲ್ಲಿ ಆ ಭಯವೂ ಇಲ್ಲ, ಮಳೆಯೇ ಬರುವುದಿಲ್ಲ. ಜಾಗ ಉಂಟು, ಬಂಡೆ ಉಂಟು, ಶನಿವಾರ ಕರಿ ಅಂಗಿಯವರನ್ನು ಕಂಡರೆ ದಾರಿ ತೋರಿಸುವ ಜನ ಉಂಟು. ಕ್ರಿಪ್ಟೋಸ್‌ನವರಲ್ಲಿ ನನ್ನ ಬಿನ್ನಹ ಇಷ್ಟೆ: ಜರ್ಮನಿಗೆ ಹೋಗುವ ದಾರಿಯಲ್ಲಿ ಒಮ್ಮೆ ರಾಯಚರ್ಲಿಗೆ ಬನ್ನಿ. ಏಳೂ ಆಲ್ಬಮ್ ಇಂಗ್ಲಿಷಿನವೇ, ಬರುವಾಗ ಕನ್ನಡದ್ದೊಂದು ಹಾಡು ಕಟ್ಟಿಕೊಂಡು ಬನ್ನಿ. ಊಟಕ್ಕೆ ಮುದ್ದೆ, ಗಂಟಲಿಗೆ ಅಕ್ಕನ ಕಷಾಯ. ಕಾರ್ಯಕ್ರಮ ಮಾತ್ರ ಹಗಲು ಹೊತ್ತಿನಲ್ಲಿ ಇಟ್ಟುಕೊಳ್ಳಿ ಸ್ವಾಮಿ, ರಾತ್ರಿ ನಮ್ಮ ಪ್ಲೇಟುಗಳು ಕರೆಂಟು ಕೊಡುವುದಿಲ್ಲ.