ಮೇಷ್ಟ್ರ ಬಾಕಿ

ಕೆಮ್ಮಣ್ಣುಗುಂಡಿಯ ರಾಜಭವನದೆದುರು ಟ್ಯೂಷನ್ ಮೇಷ್ಟ್ರು ಎಸ್ಟೇಟ್ ರೈಟರನ್ನು ಅಡ್ಡಹಾಕಿದರು.

“ಧಣಿಗಳ ಮಗನಿಗೆ ಪಾಠ ಹೇಳಿದ ಬಾಕಿ?”

“ತೋಟವೇ ಬ್ಯಾಂಕಿನ ಹರಾಜಿಗೆ ಬಂದಿದೆ, ಮೇಷ್ಟ್ರೇ.”

“ಒಳ್ಳೇದೇ ಆಯ್ತು! ಸ್ಕಾಟ್ಲೆಂಡಿನಲ್ಲಿ 1715ರ ದಂಗೆಗಿಳಿದ ಧಣಿಗಳ ಜಮೀನು ಮುಟ್ಟುಗೋಲಾಯ್ತು. 1716ರಲ್ಲಿ ಕಮಿಷನರುಗಳು ಬಂದರು. ಸಾಲ ಕೊಟ್ಟವರು, ಮನೆಪಾಠದವರೂ ಸೇರಿ, ಅವರೆದುರು ಹಕ್ಕು ಹೇಳಬಹುದಿತ್ತು. ಜಮೀನು ಮಾರಿ 4 ಲಕ್ಷ ಪೌಂಡಿಗೂ ಮೇಲೆ ಹುಟ್ಟಿತು. ಸಾಲ, ಕಮಿಷನ್ನಿನ ಖರ್ಚು ಕಳೆದು ಖಜಾನೆಗೆ ದಕ್ಕಿದ್ದು 1 ಸಾವಿರ ಚಿಲ್ಲರೆ.”

ರೈಟರಿಗೆ ಖರ್ಚಿನ ಬಾಬತ್ತು ಚೆನ್ನಾಗಿ ಅರ್ಥವಾಯಿತು. “ನಮ್ಮ ತರೀಕೆರೆ ಪಾಳೇಗಾರ ಸರ್ಜಾ ಹನುಮಪ್ಪ ನಾಯಕನೂ 1830ರ ನಗರ ದಂಗೆಗಿಳಿದನಲ್ಲ, ಅವನ ಮೇಷ್ಟ್ರು?”

“ಯಾರನ್ನು ಕೇಳೋದು? 1831ರಲ್ಲಿ ಮೈಸೂರು ರಾಜ್ಯವೇ ಕಮಿಷನರುಗಳ ಕೈಸೇರಿತು.”

“ನೀವು ಬ್ಯಾಂಕಿಗೆ ಅರ್ಜಿ ಹಾಕಿ.”

“ಹಾಕಿದೆ. ಬಾಕಿ ನಿಜವೆಂದು ಧಣಿಗಳೇ ಸಹಿ ಮಾಡಬೇಕಂತೆ.”