ಯಾದಿ ಮ್ಯಾಲೆ ಶಾದಿ ಒಲ್ಲೆ ಅಂದವನ ಪಾಡು

ಹೈದರಾಬಾದಿನಲ್ಲಿ ಮದುವೆಯಾಗುವ ಗಂಡು ಕೈಗೆ ಮಸಿ ಮಾಡಿಕೊಳ್ಳಬೇಕಾದ ಪ್ರಮೇಯವೇ ಇಲ್ಲ. ಲಗ್ನಪತ್ರಿಕೆಗೆ ಛತ್ತಾ ಬಜಾರ್, ಬಳೆಗೆ ಲಾಡ್ ಬಜಾರ್, ಹೂವಿಗೆ ಗುಡಿಮಲ್ಕಾಪುರ, ಪಾತ್ರೆ, ಗೋಡಂಬಿ, ಝಗಮಗ ಹಾರಕ್ಕೆಲ್ಲ ಬೇಗಂ ಬಜಾರ್. ದುಡ್ಡು ಕೊಟ್ಟು ಚೀಲ ಹಿಡಿದರೆ ಮುಗಿಯಿತು. ಬೀದರ, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ, ಆಮೇಲೆ ಅಲ್ಲಿಂದ ಬೇರೆಯಾದ ಸುದ್ದಿ ನಮ್ಮ ನೆಂಟರಿಗೆ ಇನ್ನೂ ಮುಟ್ಟಿಲ್ಲ. ಮದುವೆ ಗೊತ್ತಾಯಿತೋ ಇಲ್ಲವೋ, ರೈಲು ಹತ್ತಿ ಕಾಚಿಗುಡದ ನಮ್ಮ ಮನೆಯಲ್ಲಿ ಇಳಿದು, ಸಂತೆ ಮುಗಿಸಿ, ನನ್ನ ಮಂಚದ ಮೇಲೆ ಮಲಗಿ, ನನ್ನನ್ನು ಚಾಪೆಗೆ ಇಳಿಸಿ ಹೋಗುತ್ತಾರೆ. ಇಂಥ ಊರಲ್ಲಿ ಕೂತು, "ನಮ್ಮ ಮದುವೆಯಲ್ಲಿ ಪ್ರತಿಯೊಂದನ್ನೂ ಕೈಯಿಂದಲೇ ಮಾಡೋಣ" ಎಂದು ಘೋಷಿಸಿದ ಮಹಾನುಭಾವ ನಾನು.

ಅಪ್ಪ ಮೊದಲೇ ಸುಲಭದ ದಾರಿ ತೋರಿಸಿದ್ದರು. ನಮ್ಮ ಕಡೆ ‘ಯಾದಿ ಮ್ಯಾಲೆ ಶಾದಿ’ ಅಂತ ಒಂದು ಪದ್ಧತಿ ಇದೆ. ಕೊಡುವುದು, ತರುವುದು, ಉಡುಗೊರೆ ಎಲ್ಲದರ ಯಾದಿ ಬರೆಯಲು ಎರಡೂ ಮನೆಯವರು ಕೂಡುತ್ತಾರೆ. ಎಲ್ಲ ಒಪ್ಪಿಗೆಯಾದರೆ ಅದೇ ದಿನ, ಅದೇ ಹಂದರದಲ್ಲಿ ಅಕ್ಕಿಕಾಳು ಹಾಕಿ ಎಬ್ಬಿಸಿಬಿಡುತ್ತಾರೆ. ಬೆಳಿಗ್ಗೆ ಚಹಾ ಕುಡಿಯಲು ಬಂದ ಹುಡುಗ ಸಂಜೆಗೆ ಸಂಸಾರಸ್ಥ. "ಒಂದು ಊಟದ ಖರ್ಚಿನಾಗ ಎರಡು ಕಾರ್ಯ ಮುಗೀತಾವ" ಎಂದರು ಅಪ್ಪ. ನಿವೃತ್ತ ಲೆಕ್ಕಾಧಿಕಾರಿ, ಅವರ ಕಣ್ಣು ಹಾಗೆ ಹೊಳೆದದ್ದು ನಾನು ನೋಡಿದ್ದೇ ಇಲ್ಲ. ಆದರೆ ನಾನು ಆಫೀಸಿನಲ್ಲಿ ಆಗಲೇ ಡಂಗುರ ಹೊಡೆದಿದ್ದೆ. "ನಮ್ಮದು ಕರಕುಶಲ ಮದುವೆ, ರೆಡಿಮೇಡ್ ಏನೂ ಇಲ್ಲ." ಎದುರು ಟೇಬಲ್ಲಿನ ಹುಡುಗಿ "ವಾವ್ ಸರ್" ಅಂದಿದ್ದಳು. ಆ ಒಂದು ವಾವ್‌ಗಾಗಿ ನಾನು ತೆತ್ತದ್ದನ್ನು ಮುಂದೆ ಓದಿ.

ನನ್ನ ಹುಡುಗಿ ಕಲಬುರಗಿಯವಳು, ಮಾದಾಪುರದಲ್ಲಿ ಸಾಫ್ಟ್‌ವೇರ್ ಕೆಲಸ. ನಾನು ಕನಸು ಹೇಳಿದ ರಾತ್ರಿಯೇ ಅವಳು ಅದನ್ನು ಎಕ್ಸೆಲ್ ಹಾಳೆಗೆ ಇಳಿಸಿದಳು. ಕೆಲಸ, ಮಾಡುವವರು, ಕೊನೆಯ ದಿನ, ಸದ್ಯದ ಸ್ಥಿತಿ. ‘ಮಾಡುವವರು’ ಎಂಬ ಸಾಲಿನಲ್ಲಿ ಮೇಲಿಂದ ಕೆಳತನಕ ನನ್ನದೇ ಹೆಸರು.

"ನಿನ್ನ ಹೆಸರು ಎಲ್ಲಿ?"

"ನಾ ಮೇಲ್ವಿಚಾರಣೆ ರೀ. ಐಡಿಯಾ ನಿಮ್ಮದಲ್ಲ?"

ಗಡುವು ಮೀರಿದ ಕೆಲಸ ತಾನಾಗಿ ಕೆಂಪಾಗುವಂತೆ ಅವಳು ಏನೋ ಮಾಡಿಟ್ಟಿದ್ದಾಳೆ. ನನ್ನ ಹಾಳೆಯಲ್ಲಿ ಕುಂಕುಮದ ಓಕುಳಿ. ನಿಶ್ಚಯವಾದ ಬೇರೆ ಜೋಡಿಗಳು ಗೋಲ್ಕೊಂಡದ ಗೋಡೆಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತವೆ, ಟ್ಯಾಂಕ್ ಬಂಡ್ ಮೇಲೆ ಕೈ ಹಿಡಿದು ನಡೆಯುತ್ತವೆ. ನಾವೂ ಒಮ್ಮೆ ಕೈ ಹಿಡಿದೆವು. ನಡುವೆ ಮೈದಾ ಅಂಟು ಇತ್ತು, ಬಿಡಿಸಲು ಬಿಸಿನೀರು ಕಾಯಿಸಬೇಕಾಯಿತು. ಅವ್ವ ಪಾತ್ರೆ ತಂದಿಟ್ಟು, ಏನೂ ಕೇಳದೆ ಒಳಗೆ ಹೋದಳು. ಕೇಳಿದ್ದರೆ ಚೆನ್ನಾಗಿರುತ್ತಿತ್ತು.

ಮೊದಲು ಲಗ್ನಪತ್ರಿಕೆ. ಅದಕ್ಕೆ ಕಾಗದವನ್ನೂ ನಾನೇ ಮಾಡಬೇಕೆಂಬ ಹಟ. ಹಳೇ ಪೇಪರ್ ನೆನೆಹಾಕಿ, ರುಬ್ಬಿ, ಜಾಳಿಗೆಯ ಮೇಲೆ ತೆಳ್ಳಗೆ ಹರಡಿ, ನೀರು ಹಿಂಡಿ ಒಣಗಿಸಿದರೆ ಕಾಗದ. ರುಬ್ಬಲು ಅವ್ವನ ಮಿಕ್ಸಿ. ತೊಳೆದಿಟ್ಟಿದ್ದೆ, ದೇವರಾಣೆ. ಆದರೂ ಮರುದಿನ ಶೇಂಗಾ ಹಿಂಡಿ ಬಾಯಿಗಿಟ್ಟ ಅಪ್ಪ ಸ್ವಲ್ಪ ಹೊತ್ತು ಅಗಿದು, "ಸಂಪಾದಕೀಯ ಪುಟ ಇರಬೇಕು, ರುಚಿ ಇಲ್ಲ" ಎಂದರು. ಆ ವಾರವೇ ಮಿಕ್ಸಿ ಹೊಗೆಯಾಡಿ ತೀರಿಕೊಂಡಿತು. ಅಪ್ಪ ತಮ್ಮ ಯಾದಿಯಲ್ಲಿ ‘ಪುಕ್ಕಟೆ ಕಾಗದ’ ಎಂದು ಬರೆದು, ಮುಂದೆ ಹೊಸ ಮಿಕ್ಸಿಯ ಬೆಲೆ ನಮೂದಿಸಿದರು.

ಅಷ್ಟಾಗಿಯೂ ಒಣಗಿದ ಹಾಳೆಗಳು ಚೆಂದವೇ ಇದ್ದವು. ಮಾಳಿಗೆಯ ಮೇಲೆ ಹಸಿ ಇದ್ದಾಗ ನಮ್ಮ ಓಣಿಯ ಪಾರಿವಾಳಗಳು ಅವುಗಳ ಮೇಲೆ ಸಾವಕಾಶ ಅಡ್ಡಾಡಿದ್ದವು, ಅಷ್ಟೇ. "ಈ ಡಿಸೈನ್ ಚಲೋ ಅದ ರೀ, ಎಲ್ಲಿ ನೋಡಿ ಮಾಡಿದ್ರಿ?" ಎಂದಳು ಹುಡುಗಿ. ನನ್ನದೇ ಕಲ್ಪನೆ ಎಂದೆ. ಆಗ ಅವಳು ಒಂದು ಹಾಳೆ ತಿರುಗಿಸಿ ತೋರಿಸಿದಳು. ಒಂದು ಪಾರಿವಾಳ ಬರೀ ಅಡ್ಡಾಡಿರಲಿಲ್ಲ.

ಇನ್ನು ಬರವಣಿಗೆ. ಅಪ್ಪ ಕಲಿತದ್ದು ಕಾಚಿಗುಡದ ನೃಪತುಂಗ ಶಾಲೆಯಲ್ಲಿ, ಅವರ ಕನ್ನಡ ಅಕ್ಷರ ಮುತ್ತು ಪೋಣಿಸಿದ್ದು. ನಾನು ಇಂಗ್ಲಿಷ್ ಶಾಲೆಯ ಗಿರಾಕಿ. ಕನ್ನಡ ಮನೆಯಲ್ಲಿ ಕಲಿತದ್ದು, ತೆಲುಗು ಬಸ್ಸಿನ ಬೋರ್ಡು ನೋಡಿ. ಎರಡೂ ಲಿಪಿ ಅಕ್ಕತಂಗಿಯರು, ತಲೆಕಟ್ಟು ಮಾತ್ರ ಬೇರೆ. ನಮ್ಮದು ಅಡ್ಡ ಗೆರೆ ಎಳೆದು ಕೊನೆಗೆ ಕೊಕ್ಕೆ ಹಾಕುತ್ತದೆ, ಅವರದು ಮೇಷ್ಟ್ರು ಹಾಕುವ ರೈಟ್ ಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ. ನಾನು ಭಾವಾವೇಶದಲ್ಲಿ ಬರೆದ ಪತ್ರಿಕೆಯಲ್ಲಿ ಅರ್ಧ ಅಕ್ಷರಗಳಿಗೆ ಕೊಕ್ಕೆ, ಅರ್ಧಕ್ಕೆ ರೈಟ್. ಮೇಲಾಗಿ ಮಸಿ ಹೀರಿಕೊಂಡ ಕಾಗದದಲ್ಲಿ ಒತ್ತಕ್ಷರಗಳೆಲ್ಲ ಒಂದಾಗಿ ಕೂತಿದ್ದವು. ಮಾದರಿಗೆಂದು ಕಳಿಸಿದ ಪ್ರತಿ ಕೈಗೆ ಬಂದೊಡನೆ ಕಲಬುರಗಿಯಿಂದ ಸೋದರಮಾವ ಫೋನು ಮಾಡಿದರು.

"ತಮ್ಮಾ, ಯಾರದೋ ತೆಲುಗು ಮಂದಿ ಲಗ್ನದ ಪತ್ರಿಕಾ ನಮ್ಮನಿಗೆ ಬಂದದ ನೋಡು. ಪರೀಕ್ಷಾ ಪೇಪರ್ ಇದ್ದಂಗ ಅದ, ಎಲ್ಲಾ ಉತ್ತರ ರೈಟ್ ಬಂದಾವ."

ಕೊನೆಗೆ ಅಪ್ಪ ಒಂದು ಸಂಜೆ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಹೋಗಿ ಹಿರಿಯರೊಬ್ಬರಿಂದ ಒಕ್ಕಣೆ ತಿದ್ದಿಸಿಕೊಂಡು ಬಂದರು. ನಾನು ತಲೆ ತಗ್ಗಿಸಿ ಛತ್ತಾ ಬಜಾರಿಗೆ ನಡೆದೆ. ಅಲ್ಲಿ ಒಬ್ಬ ಚಾಚಾ ನನ್ನ ಪಾರಿವಾಳದ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಕರುಣೆಯಿಂದ ಮಡಿಸಿ ವಾಪಸು ಕೊಟ್ಟು, ಕಪಾಟಿನಿಂದ ಒಂದು ಕಟ್ಟು ತೆಗೆದರು. ಒರಟು ಅಂಚು, ನಾರು ನಾರು ಮೈ, ನಡುನಡುವೆ ಹೂವಿನ ಎಸಳು. "ಹ್ಯಾಂಡ್‌ಮೇಡ್ ಮಾಲ್ ಹೈ ಮಿಯಾ, ಮಷೀನ್ ಕಾ." ನಾನು ಮಾಡಬೇಕೆಂದು ಕನಸು ಕಂಡದ್ದು ಥೇಟ್ ಅದನ್ನೇ. ಆರ್ಡರ್ ಕೊಟ್ಟೆ. ಎಕ್ಸೆಲ್ಲಿನಲ್ಲಿ ‘ಪತ್ರಿಕೆ’ ಹಸಿರಾಯಿತು. ‘ಮಾಡುವವರು’ ಸಾಲಿನಿಂದ ನನ್ನ ಹೆಸರು ಹೋಗಿ ಚಾಚಾ ಬಂದರು.

ಬಳೆಯ ಕಥೆ ಇನ್ನೂ ಸುಡುತ್ತದೆ, ಅಕ್ಷರಶಃ. ಹೈದರಾಬಾದಿನ ಅರಗಿನ ಬಳೆಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಲಾಡ್ ಬಜಾರಿನಲ್ಲಿ ಹುಡುಗಿ ಒಂದು ಜೊತೆ ಕೈಗೇರಿಸಿ ಚಾರ್ಮಿನಾರಿನ ಬೆಳಕಿಗೆ ತಿರುಗಿಸುತ್ತಿದ್ದಳು. ನಾನು ಸುಮ್ಮನಿರಬಾರದೆ? "ಇದನ್ನೂ ನಾನೇ ಮಾಡಿಕೊಡ್ತೀನಿ" ಎಂದೆ. ಅಂಗಡಿಯವರು ನಕ್ಕು, ಹಿಂದಿನ ಓಣಿಯ ಕಾರಿಗರನೊಬ್ಬನ ಬಳಿ ಕೂರಿಸಿದರು. ಕೆಂಡದ ಮೇಲೆ ಅರಗನ್ನು ಮೆತ್ತಗೆ ಮಾಡಿ, ಹಲಗೆಯಡಿ ಹೊಸೆದು ಉದ್ದ ಮಾಡಿ, ಬಣ್ಣದ ಅರಗು ಸವರಿ, ತುದಿಗೆ ತುದಿ ಕೂಡಿಸಿ ಸುತ್ತು ಮಾಡಬೇಕು. ಆಮೇಲೆ ಬಿಸಿ ಆರುವ ಮುನ್ನ ಹರಳುಗಳನ್ನು ಒಂದೊಂದಾಗಿ ಒತ್ತಬೇಕು. ಆತನ ಕೈಯಲ್ಲಿ ಇದು ಮಾತಾಡುತ್ತಾ ಮಾತಾಡುತ್ತಾ ಆಗುವ ಕೆಲಸ. ನಾನು ಅರಗನ್ನು ಹೊಸೆಯುವುದರ ಬದಲು ಅದೇ ನನ್ನ ಬೆರಳನ್ನು ಹೊಸೆಯಿತು. ನನ್ನ ಬಳೆ ಗುಂಡಗಾಗಲು ಒಪ್ಪಲಿಲ್ಲ. ಕಾರಿಗರ ಅದನ್ನು ಅಂಗೈಯಲ್ಲಿಟ್ಟು, ಪಕ್ಕದ ಹುಡುಗನಿಗೆ ತೋರಿಸಿ, "ಅಚ್ಛಾ ಹೈ ಸಾಬ್, ಪರ್ ಹಾಥ್ ಐಸಾ ಕಿಸ್ಕಾ ಹೋತಾ?" ಎಂದ. ಹುಡುಗಿ ಅದನ್ನು ಕೀಚೈನ್ ಮಾಡಿಕೊಂಡಿದ್ದಾಳೆ. ನೋಡಿದವರೆಲ್ಲ ಎಲ್ಲಿ ಕೊಂಡದ್ದು ಎಂದು ಕೇಳುತ್ತಾರಂತೆ, ಅಲ್ಲಿಗೆ ಹೋಗದಿರಲಿಕ್ಕೆ.

ಇಷ್ಟರಲ್ಲಿ ಭಾಲ್ಕಿಯಿಂದ ಆಯಿ ಬಂದಳು. ಅವಳಿಗೆ ನನ್ನ ಕ್ರಾಂತಿಯನ್ನು ಅವ್ವ ವಿವರಿಸಿದಳು. ಆಯಿ ಎಲೆ ಅಡಿಕೆ ಮಡಿಚುತ್ತಾ ಕೇಳಿ, "ಹೌದಾ? ಮತ್ತ ಉಳದ ಮಂದಿ ಕಾಲಿಲೆ ಮಾಡ್ತಾರೇನು?" ಎಂದಳು. ಮರುದಿನ ಬೀಸುಕಲ್ಲಿಗೂ ಒನಕೆಗೂ ಅರಿಶಿಣದ ಬೇರು ಕಟ್ಟಿ, ಐವರು ಮುತ್ತೈದೆಯರು ಕೂಡಿ ಹಾಡು ಹೇಳಿ ಕೆಲಸ ಶುರು ಮಾಡಿದರು. ಶಾವಿಗೆ, ಹಪ್ಪಳ, ಸಂಡಿಗೆ, ಉಂಡಿ. ಯಾವ ಹಾಳೆಯೂ ಇಲ್ಲ, ಗಡುವೂ ಇಲ್ಲ. ಮಾತಿನ ನಡುವೆ ಮಾಳಿಗೆ ತುಂಬಿತು. ನಾನು ತೋಳು ಮಡಚಿ ಹೋದರೆ, "ಗಂಡಸೂರು ಅತ್ಲಾಗ ಕೂಡ್ರಿ" ಎಂದು ಕೈಗೆ ಒಂದು ಕೋಲು ಕೊಟ್ಟರು. ಪಾರಿವಾಳ ಓಡಿಸುವ ಕೆಲಸ. ನನ್ನ ಹಳೇ ವೈರಿಗಳೇ. ನಾನು ಕೋಲು ಎತ್ತಿದರೆ ಅವು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು.

ಹೀಗೆ ಕೋಲು ಹಿಡಿದು ನಿಂತಿದ್ದಾಗಲೇ ಭಾವೀ ಮಾವನವರು ಮಗಳ ಜೊತೆ ಮೇಲೆ ಹತ್ತಿ ಬಂದರು. ಸಾಲು ಸಾಲು ಸಂಡಿಗೆ ಕಂಡು ಕಣ್ಣರಳಿಸಿದರು. ಅವ್ವನಿಗೆ ಏನಾಯಿತೋ, "ಎಲ್ಲಾ ನಮ್ಮ ಹುಡುಗನೇ ಮಾಡ್ಯಾನ ನೋಡ್ರಿ" ಎಂದುಬಿಟ್ಟಳು. ನಾನು ನಿರಾಕರಿಸಬೇಕಿತ್ತು. ಬದಲಿಗೆ ವಿನಯದಿಂದ ಕೋಲು ಕೆಳಗಿಟ್ಟೆ. ಮಾವನವರು ಒಣಗಿದ್ದೊಂದನ್ನು ಮುರಿದು ಬಾಯಿಗಿಟ್ಟು, "ಹಿಟ್ಟು ಎಷ್ಟೊತ್ತು ಕುದಿಸಿದ್ರಿ ಅಳಿಯಂದ್ರ?" ಎಂದರು.

"ನೆನೆಹಾಕಿ, ಮಿಕ್ಸಿಗೆ ಹಾಕಿ, ಜಾಳಿಗೆ ಮೇಲೆ ಹರಡಿ..." ನನಗೆ ಗೊತ್ತಿದ್ದದ್ದು ಅದೊಂದೇ.

ಅವರ ಹಿಂದೆ ಹುಡುಗಿ ಸೆರಗು ಬಾಯಿಗೊತ್ತಿಕೊಂಡಳು. ಮಾವನವರು ಮಾತ್ರ ಮನಸಾರೆ ತಲೆದೂಗಿದರು. "ನಮ್ಮನ್ಯಾಗ ಹೆಣ್ಮಕ್ಕಳಿಗೆ ಪುರಸೊತ್ತಿಲ್ಲ. ಹೆಂಗ ಮಾಡೋದು ಅಂತ ಚಿಂತಿ ಇತ್ತು. ಬರ್ರಿ ಕೆಳಗ" ಎಂದು ಇಳಿದು ಹೋಗಿ ಕಾರಿನ ಡಿಕ್ಕಿ ತೆರೆದರು. ಎರಡು ಚೀಲ ಅಕ್ಕಿ. ಅವಳು ಫೋನ್ ತೆಗೆದು ಹಾಳೆಗೆ ಹೊಸ ಸಾಲು ಸೇರಿಸುತ್ತಿದ್ದಳು.